ಓರೆಗೆರೆಯನ್ನು ಎಳೆಯುವ ಬಗೆ

ಬೆಂಗಳೂರಿನ ಮಲ್ಲೇಶ್ವರದಲ್ಲೋ ಜಯನಗರದಲ್ಲೋ ಒಬ್ಬರ ಮನೆ ಎಲ್ಲಿದೆಯೆಂದು ಕೇಳಿ ನೋಡಿರಿ. ಇಷ್ಟನೆಯ ಮೇನು, ಇಷ್ಟನೆಯ ಕ್ರಾಸು ಎಂದು ಉತ್ತರ ಬರುತ್ತದೆ. ಅದೇ ಪ್ರಶ್ನೆಯನ್ನು ಹಳ್ಳಿಯ ಹಾದಿಯಲ್ಲಿ ದನ ಕಾಯುತ್ತಿರುವ ಮುದುಕನನ್ನು ಕೇಳಿದರೆ ಆತ ಕೈ ಚಾಚಿ, ಇಲ್ಲಿಂದ ಮೂಡಲಿಗೆ ಎರಡು ಹರಿದಾರಿ ಎನ್ನುತ್ತಾನೆ. ಇಬ್ಬರೂ ಹೇಳುವುದು ಒಂದು ಜಾಗದ ಗುರುತನ್ನೇ. ಆದರೆ ಹೇಳುವ ರೀತಿ ಬೇರೆ. ಪೇಟೆಯವನು ಎರಡು ಸಂಖ್ಯೆಗಳನ್ನು ಕೊಟ್ಟ: ಉದ್ದಕ್ಕೆ ಇಷ್ಟು, ಅಡ್ಡಕ್ಕೆ ಇಷ್ಟು. ಹಳ್ಳಿಯವನು ಒಂದು ದಿಕ್ಕನ್ನೂ ಒಂದು ದೂರವನ್ನೂ ಕೊಟ್ಟ. ಗಣಿತಜ್ಞರು ಮೊದಲನೆಯ ರೀತಿಯನ್ನು ಫ್ರಾನ್ಸಿನ ಡೇಕಾರ್ಟನ ಹೆಸರಿನಿಂದ ಕರೆಯುತ್ತಾರೆ. ಆತನ ಜ್ಯಾಮಿತಿಯ ಗ್ರಂಥ 1637ರಲ್ಲಿ ಹೊರಬಂದಿತು. ಎರಡನೆಯ ರೀತಿಗೆ ಧ್ರುವೀಯ ನಿರ್ದೇಶಾಂಕ ಎಂದು ಹೆಸರು. ಧ್ರುವ ಎಂದರೆ ಇಲ್ಲಿ ಕದಲದೆ ನಿಂತ ಒಂದು ಬಿಂದು. ಅಲ್ಲಿ ನಿಂತು ಯಾವ ಕಡೆಗೆ, ಎಷ್ಟು ದೂರ ಎಂದು ಹೇಳಿದರೆ ಮುಗಿಯಿತು.

ಹೆಸರು ದೊಡ್ಡದಾಯಿತೆಂದು ನೀವು ಪುಟ ಮಗುಚಬಾರದು. ಇಂದು ನಿಮ್ಮ ಮನೆಯ ನಕ್ಷೆಯನ್ನು ಬರೆಯುವ ಇಂಜಿನಿಯರು, ಐ.ಟಿ.ಐ.ನಲ್ಲೋ ಪಾಲಿಟೆಕ್ನಿಕ್‌ನಲ್ಲೋ ಓದುತ್ತಿರುವ ನಿಮ್ಮ ಮಗ ಅಥವಾ ಮಗಳು, ಎಲ್ಲರೂ ಕಂಪ್ಯೂಟರಿನ ಮುಂದೆ ಕುಳಿತು ಓರೆಗೆರೆ ಎಳೆಯುವುದು ಆ ಹಳ್ಳಿಯ ಮುದುಕನ ಭಾಷೆಯಲ್ಲಿಯೇ. ಅದನ್ನು ತಿಳಿದುಕೊಳ್ಳಲು ಕಾಲು ಗಂಟೆ ಸಾಕು. ತಪ್ಪು ತಿಳಿದುಕೊಂಡರೆ ಏನಾಗುತ್ತದೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದು ನನ್ನದೇ ಕಥೆ.

ಮೊದಲು ಮರದ ಹಲಗೆಯ ಕಾಲವನ್ನು ನೆನೆಯಬೇಕು. ದೊಡ್ಡ ಹಲಗೆಗೆ ಕಾಗದವನ್ನು ಪಿನ್ನಿನಿಂದ ಚುಚ್ಚಿ, ಟೀ ಚೌಕವನ್ನು ಅಂಚಿಗೆ ಒತ್ತಿ ಹಿಡಿದು, ಅದರ ಮೇಲೆ ಮೂಲೆಮಟ್ಟವನ್ನು ಜಾರಿಸುತ್ತ ಗೆರೆ ಹಾಕುತ್ತಿದ್ದೆವು. ಮೂಲೆಮಟ್ಟಗಳು ಎರಡೇ ಬಗೆ. ಒಂದರಲ್ಲಿ 45 ಡಿಗ್ರಿಯ ಓರೆ, ಇನ್ನೊಂದರಲ್ಲಿ 30 ಮತ್ತು 60. ಎರಡನ್ನೂ ಜೋಡಿಸಿದರೆ 15 ಡಿಗ್ರಿಯೂ 75 ಡಿಗ್ರಿಯೂ ಸಿಕ್ಕುತ್ತಿದ್ದುವು. ಇವನ್ನು ಬಿಟ್ಟು 37 ಡಿಗ್ರಿ ಬೇಕೆಂದರೆ ಕೋನಮಾಪಕವನ್ನು ಇಟ್ಟು, ಕಣ್ಣು ಕಿರಿದು ಮಾಡಿ, ಚುಕ್ಕೆಯಿಟ್ಟು ಎಳೆಯಬೇಕು. ಪೆನ್ಸಿಲಿನ ಮೊನೆ ದಪ್ಪವಾದರೆ ಅಲ್ಲಿಗೇ ಅರ್ಧ ಡಿಗ್ರಿ ಹೋಯಿತು. ಓರೆಗೆರೆ ಎಂದರೆ ಆ ದಿನಗಳ ನಕ್ಷೆಗಾರನಿಗೆ ತಲೆನೋವೇ ಸರಿ.

ಕಂಪ್ಯೂಟರಿನ ತೆರೆಯ ಮೇಲೆ ಗೆರೆ ಎಳೆಯಬಹುದೆಂದು ತೋರಿಸಿಕೊಟ್ಟವರಲ್ಲಿ ಅಮೆರಿಕದ ಐವಾನ್ ಸದರ್‌ಲೆಂಡ್ ಮುಖ್ಯರಾದವರು. 1963ರಲ್ಲಿ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯಲ್ಲಿ ಅವರು ಸ್ಕೆಚ್‌ಪ್ಯಾಡ್ ಎಂಬ ಏರ್ಪಾಡನ್ನು ತಮ್ಮ ಪ್ರೌಢಪ್ರಬಂಧವಾಗಿ ಒಪ್ಪಿಸಿದರು. ಬೆಳಕಿನ ಲೇಖನಿಯೊಂದನ್ನು ತೆರೆಗೆ ಮುಟ್ಟಿಸಿದರೆ ಗೆರೆ ಮೂಡುತ್ತಿತ್ತು. 1982ರಲ್ಲಿ ಆಟೋಡೆಸ್ಕ್ ಕಂಪನಿಯವರ ಆಟೋಕ್ಯಾಡ್ ಬಂದ ಮೇಲೆ ಈ ವಿದ್ಯೆ ಸಣ್ಣ ಕಂಪ್ಯೂಟರುಗಳಿಗೂ ಇಳಿದು, ಕ್ರಮೇಣ ನಮ್ಮ ಜಿಲ್ಲಾಸ್ಥಳಗಳ ಸಣ್ಣ ಕಚೇರಿಗಳನ್ನೂ ಹೊಕ್ಕಿತು. ಹಣ ಕೊಡದೆ ದೊರೆಯುವ ಲಿಬ್ರೆಕ್ಯಾಡ್‌ನಂಥವೂ ಈಗ ಉಂಟು. ನಾನು ಮುಂದೆ ಹೇಳುವುದು ಆಟೋಕ್ಯಾಡಿನ ಪದ್ಧತಿ. ಉಳಿದವುಗಳಲ್ಲಿಯೂ ಬಹುಮಟ್ಟಿಗೆ ಇದೇ ನಡೆಯುತ್ತದೆ.

ಗೆರೆ ಎಳೆಯುವ ಆಜ್ಞೆಗೆ ಲೈನ್ ಎಂದು ಹೆಸರು. ಅದನ್ನು ಕೊಟ್ಟೊಡನೆ ಮೊದಲ ಬಿಂದು ಎಲ್ಲಿ ಎಂದು ಯಂತ್ರ ಕೇಳುತ್ತದೆ. ತೆರೆಯ ಮೇಲೆ ಒಂದು ಕಡೆ ಒತ್ತಿ ತೋರಿಸಿ. ಮುಂದಿನ ಬಿಂದು ಎಲ್ಲಿ ಎಂದು ಮತ್ತೆ ಕೇಳುತ್ತದೆ. ಆಗ ನೀವು ಹೀಗೆ ಟೈಪು ಮಾಡಿರಿ:

@60<30

ಇಷ್ಟೇ. ಮೊದಲಿನ ಸುರುಳಿ ಗುರುತು, ಈಗ ನಾನು ನಿಂತಿರುವ ಈ ಬಿಂದುವಿನಿಂದ ಎಂದು ಹೇಳುತ್ತದೆ. 60 ಎಂಬುದು ದೂರ. ಎಡಕ್ಕೆ ಮೊನೆಯಿರುವ ಗುರುತನ್ನು ನೋಡಿದಿರಾ, ಅದೇ ಒಂದು ಪುಟ್ಟ ಕೋನದ ಹಾಗಿದೆ; ಅದರ ಮುಂದಿರುವ 30 ಡಿಗ್ರಿಯೇ ದಿಕ್ಕು. ಕೀಲಿ ಒತ್ತಿದೊಡನೆ 60 ಅಳತೆಯ ಗೆರೆ 30 ಡಿಗ್ರಿ ಓರೆಯಾಗಿ ಮೇಲೆದ್ದು ನಿಲ್ಲುತ್ತದೆ. ಕೋನಮಾಪಕವೂ ಬೇಡ, ಮೂಲೆಮಟ್ಟವೂ ಬೇಡ. ಬಾಯಿಮಾತಿನಲ್ಲಿ ಹೇಳಿ ಬರೆಸಿದ ಹಾಗೆ ಆಯಿತು. ರೇಡಿಯೋದಲ್ಲಿ ಮಾತನಾಡುವ ನಮ್ಮಂಥವರಿಗೆ ಇದು ಬಹಳ ಹಿಡಿಸುವ ಸಂಗತಿ. ನಾವೂ ಚಿತ್ರ ತೋರಿಸಲಾರೆವು, ಹೇಳಿಯೇ ಕಾಣಿಸಬೇಕು.

ಆದರೆ 30 ಡಿಗ್ರಿ ಎಂದರೆ ಎಲ್ಲಿಂದ 30 ಡಿಗ್ರಿ? ಗೊಂದಲವೆಲ್ಲ ಹುಟ್ಟುವುದು ಇಲ್ಲಿಯೇ. ಆದುದರಿಂದ ಸ್ವಲ್ಪ ನಿಲ್ಲೋಣ.

ಯಂತ್ರಕ್ಕೆ ಸೊನ್ನೆ ಡಿಗ್ರಿ ಎಂದರೆ ಮೂಡಣ ದಿಕ್ಕು. ಕಾಗದದ ಬಲಗಡೆ, ಗಡಿಯಾರದಲ್ಲಿ 3ರ ಅಂಕಿ ಇರುವ ಕಡೆ. ಅಲ್ಲಿಂದ ಕೋನ ಬೆಳೆಯುವುದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಮೇಲ್ಗಡೆ, ಎಂದರೆ ಬಡಗಣ, 90. ಎಡಗಡೆ 180. ಕೆಳಗಡೆ 270. ದೇವಸ್ಥಾನದಲ್ಲಿ ನಾವು ಬಲಗಡೆಯಿಂದ ಸುತ್ತುವುದನ್ನು ಪ್ರದಕ್ಷಿಣೆ ಎನ್ನುತ್ತೇವಲ್ಲವೇ? ಯಂತ್ರದ ಕೋನ ಸುತ್ತುವುದು ಅಪ್ರದಕ್ಷಿಣವಾಗಿ. ಗಣಿತದ ಪುಸ್ತಕಗಳ ವಾಡಿಕೆಯೂ ಅದೇ. ಪ್ರದಕ್ಷಿಣವಾಗಿ ಹೋಗಬೇಕೆಂದಿದ್ದರೆ ಕೋನದ ಹಿಂದೆ ಕಳೆಯುವ ಗುರುತನ್ನು ಹಾಕಬೇಕು. @60<-30 ಎಂದರೆ ಗೆರೆ ಕೆಳಮುಖವಾಗಿ ಇಳಿಯುತ್ತದೆ. ಅದನ್ನೇ 330 ಎಂದರೂ ಒಂದೇ.

ಎರಡನೆಯ ಮಾತು ಇನ್ನೂ ಮುಖ್ಯವಾದುದು. ಕೋನವನ್ನು ಪ್ರತಿಸಲವೂ ಮೂಡಣದಿಂದಲೇ ಎಣಿಸಬೇಕು, ಹಿಂದಿನ ಗೆರೆಯಿಂದಲ್ಲ. ಹೊಸದಾಗಿ ಕಲಿಯುವವರು ಇಲ್ಲಿ ಎಡವುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮೂರು ಬದಿಯೂ 60 ಇರುವ ತ್ರಿಕೋನವನ್ನು ಬರೆಯಿರಿ ಎಂದರೆ, ಅದರ ಒಳಮೂಲೆಗಳೆಲ್ಲ 60 ಡಿಗ್ರಿ ಎಂದು ಶಾಲೆಯಲ್ಲಿ ಕಲಿತ ನೆನಪಿನಿಂದ, ಮೊದಲ ಗೆರೆಗೆ @60<0 ಎಂದು ಹಾಕಿ, ಎರಡನೆಯದಕ್ಕೆ @60<60 ಎಂದುಬಿಡುತ್ತಾರೆ. ಗೆರೆ ಒಳಕ್ಕೆ ಬಾಗುವ ಬದಲು ಹೊರಕ್ಕೆ ಓಡುತ್ತದೆ. ಸರಿಯಾದುದು @60<120. ನಿಮ್ಮನ್ನು ನೀವೇ ಆ ಮೂಲೆಯಲ್ಲಿ ನಿಲ್ಲಿಸಿಕೊಳ್ಳಿ. ಮುಖ ಮೂಡಲಿಗೆ ಇರಲಿ. ಅಲ್ಲಿಂದ ಎಡಕ್ಕೆ ಎಷ್ಟು ತಿರುಗಿದರೆ ತ್ರಿಕೋನದ ತುದಿ ಕಣ್ಣಿಗೆ ಬೀಳುತ್ತದೆ? ಅರ್ಧ ಸುತ್ತು ತಿರುಗಿದರೆ ಬಂದ ದಾರಿ ಕಾಣುತ್ತದೆ, ಅದು 180. ಅದಕ್ಕಿಂತ 60 ಕಡಿಮೆ, ಎಂದರೆ 120. ಮೂರನೆಯ ಗೆರೆ @60<240. ಅದು ಹೊರಟ ಜಾಗಕ್ಕೇ ಬಂದು ಮುಟ್ಟುತ್ತದೆ.

ಇನ್ನೊಂದು ಉದಾಹರಣೆ ಮನೆಯ ಮಾಡಿನದು. ಮಂಗಳೂರು ಹೆಂಚಿನ ಮಾಡೊಂದನ್ನು 30 ಡಿಗ್ರಿ ಇಳಿಜಾರಿನಲ್ಲಿ ಬರೆಯಬೇಕೆಂದಿಟ್ಟುಕೊಳ್ಳಿ. ಗೋಡೆಯಿಂದ ನಡುಮಾಡಿನ ಕೆಳಗಿನವರೆಗೆ ನೆಲದ ಮೇಲೆ 3 ಮೀಟರು. ಕೂಡಲೆ @3<30 ಎಂದು ಹಾಕಿದರೆ ತಪ್ಪಾಯಿತು. ನೀವು ಕೊಡುವ ದೂರ ಓರೆಯ ಮೇಲಿನ ದೂರವೇ ಹೊರತು ನೆಲದ ಮೇಲಿನದಲ್ಲ. 3 ಮೀಟರಿನ ಓರೆಗೆರೆ ನೆಲದ ಲೆಕ್ಕದಲ್ಲಿ 2.6 ಮೀಟರಿನಷ್ಟೇ ಸಾಗುತ್ತದೆ. ನಡುಮಾಡು ಸೇರುವ ಮೊದಲೇ ನಿಂತುಹೋಗುತ್ತದೆ. ಅದು ಸೇರಬೇಕಾದರೆ ಉದ್ದ 3.464 ಮೀಟರು ಇರಬೇಕು. ಬಡಗಿಗೆ ಇದನ್ನು ಹೇಳಿಕೊಡಬೇಕಾದ್ದಿಲ್ಲ. ಪಕಾಸಿನ ಮರ ನೆಲದ ಅಳತೆಗಿಂತ ಉದ್ದ ಬೇಕೆಂಬುದು ಆತನಿಗೆ ಮೊದಲೇ ಗೊತ್ತು. ಲೆಕ್ಕ ಬಾರದಿದ್ದರೂ ಚಿಂತೆಯಿಲ್ಲ, ಕೋನವನ್ನು ಮಾತ್ರ <30 ಎಂದು ಕೊಟ್ಟರೆ ಯಂತ್ರ ದಿಕ್ಕನ್ನು ಬಿಗಿಹಿಡಿದುಕೊಂಡು ದೂರವನ್ನು ನಿಮಗೆ ಬಿಡುತ್ತದೆ. ಗೆರೆಯನ್ನು ಬೇಕೆಂದೇ ಉದ್ದವಾಗಿ ಎಳೆದು, ನಡುಮಾಡಿನ ನೇರಕ್ಕೆ ಕತ್ತರಿಸಿಬಿಡಬಹುದು.

ಸುರುಳಿ ಗುರುತಿನ ವಿಷಯ ಒಂದು ಮಾತು. ಅದನ್ನು ಬಿಟ್ಟು ಬರಿಯ 60<30 ಎಂದರೆ, ಹಳೆಯ ಪದ್ಧತಿಯಲ್ಲಿ ಯಂತ್ರ ನೀವು ನಿಂತ ಜಾಗದಿಂದ ಅಳೆಯದೆ ಹಾಳೆಯ ಮೂಲಬಿಂದುವಿನಿಂದ ಅಳೆದುಬಿಡುತ್ತಿತ್ತು. ಈಗಿನ ಆಟೋಕ್ಯಾಡಿನಲ್ಲಿ ಕರ್ಸರಿನ ಪಕ್ಕದಲ್ಲಿಯೇ ಅಂಕಿ ತೋರಿಸುವ ಏರ್ಪಾಡು ಇದೆ. ಅದು ಚಾಲೂ ಇದ್ದರೆ ಗುರುತಿಲ್ಲದೆಯೂ ನಿಂತ ಜಾಗದಿಂದಲೇ ಅಳೆಯುತ್ತದೆ. ಎಫ್ 12 ಕೀಲಿ ಒತ್ತಿದರೆ ಅದು ಆರುತ್ತದೆ, ಮತ್ತೆ ಒತ್ತಿದರೆ ಹೊತ್ತುತ್ತದೆ. ಒಬ್ಬರ ಯಂತ್ರದಲ್ಲಿ ಸರಿಬಂದದ್ದು ಇನ್ನೊಬ್ಬರ ಯಂತ್ರದಲ್ಲಿ ಎಲ್ಲಿಗೋ ಹಾರುವುದು ಇದರಿಂದಲೇ. ಯಾವಾಗಲೂ ಗುರುತು ಹಾಕುವ ಅಭ್ಯಾಸವಿದ್ದರೆ ಈ ತೊಂದರೆಯಿಲ್ಲ. ಎಫ್ 10 ಒತ್ತಿದರೆ 15, 30, 45 ಮೊದಲಾದ ನೀವು ಗೊತ್ತುಮಾಡಿದ ಕೋನಗಳ ಬಳಿ ಕರ್ಸರ್ ತಾನೇ ಅಂಟಿಕೊಳ್ಳುತ್ತದೆ. ಹಳೆಯ ಮೂಲೆಮಟ್ಟವೇ ಹೊಸ ವೇಷದಲ್ಲಿ ಬಂದಿದೆ.

ಇನ್ನು ಡಿಗ್ರಿಯ ಬಗ್ಗೆ. ವೃತ್ತವನ್ನು 360 ಭಾಗ ಮಾಡುವುದೂ, ಭಾಗವನ್ನು ಅರವತ್ತರವತ್ತಾಗಿ ಒಡೆಯುವುದೂ ಬ್ಯಾಬಿಲೋನಿನವರಿಂದ ಬಂದ ಬಳುವಳಿ. ಒಂದು ಡಿಗ್ರಿಗೆ 60 ಮಿನಿಟು. ಸರ್ವೆಯವರು ಕೊಡುವ ಚೀಟಿಯಲ್ಲಿ 40 ಡಿಗ್ರಿ 30 ಮಿನಿಟು ಎಂದಿದ್ದರೆ ಯಂತ್ರಕ್ಕೆ 40.30 ಎಂದು ಕೊಡಬಾರದು. 30 ಮಿನಿಟು ಎಂದರೆ ಅರ್ಧ ಡಿಗ್ರಿ, ಆದುದರಿಂದ 40.5 ಎನ್ನಬೇಕು. 40.30 ಎಂದರೆ 40 ಡಿಗ್ರಿ 18 ಮಿನಿಟು ಆಗಿಬಿಡುತ್ತದೆ. ರೂಪಾಯಿ ಪೈಸೆಯ ರೂಢಿ ಇಲ್ಲಿ ಮೋಸಮಾಡುತ್ತದೆ.

ಹನ್ನೆರಡು ಮಿನಿಟು ತಪ್ಪಿದರೆ ಏನು ಮುಳುಗಿತು ಎಂದು ನೀವು ಕೇಳಬಹುದು. ಒಂದು ಸುಲಭವಾದ ಲೆಕ್ಕವನ್ನು ನೆನಪಿಟ್ಟುಕೊಳ್ಳಿ: 60 ಅಡಿ ದೂರಕ್ಕೆ ಒಂದು ಡಿಗ್ರಿ ತಪ್ಪಿದರೆ ಗೆರೆಯ ತುದಿ ಸುಮಾರು ಒಂದು ಅಡಿ ಪಕ್ಕಕ್ಕೆ ಸರಿಯುತ್ತದೆ. ಹನ್ನೆರಡು ಮಿನಿಟು ಎಂದರೆ ಅದರ ಐದನೆಯ ಒಂದು ಪಾಲು, ಎರಡೂವರೆ ಅಂಗುಲ. ಅರ್ಧ ಇಟ್ಟಿಗೆಯ ಗೋಡೆಯ ದಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು. ಸೈಟಿನ ಗಡಿಯಲ್ಲಿ ಎರಡೂವರೆ ಅಂಗುಲಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನೀವು ಕಂಡಿಲ್ಲವೇ?

ಸರ್ವೆಯ ಮಾತು ಬಂದಿತು. ಸರ್ವೆಯವರ ಭಾಷೆ ಯಂತ್ರದ ಭಾಷೆಯಲ್ಲ. ಅವರ ಸೊನ್ನೆ ಬಡಗಣ ದಿಕ್ಕಿನಲ್ಲಿದೆ. ದಿಕ್ಸೂಚಿಯ ಮುಳ್ಳು ತಿರುಗಿ ನಿಲ್ಲುವುದು ಅತ್ತ ಕಡೆಗೇ ಅಲ್ಲವೇ? ಅಲ್ಲಿಂದ ಅವರು ಎಣಿಸುವುದು ಪ್ರದಕ್ಷಿಣವಾಗಿ. ಮೂಡಲು 90, ತೆಂಕಲು 180, ಪಡುವಲು 270. ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. ಶ್ರೀರಂಗಪಟ್ಟಣ ಬಿದ್ದ ಮಾರನೆಯ ವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ದಂಡಿನ ಅಧಿಕಾರಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮೀರಿದ ಒಂದು ನೇರಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆಯಿಸಿದ. ಒಂದು ಗೆರೆಯ ಉದ್ದ ಖಚಿತವಾಗಿ ತಿಳಿದರೆ, ಉಳಿದ ಗುಡ್ಡಬೆಟ್ಟಗಳ ದೂರವನ್ನು ಬರಿಯ ಕೋನಗಳಿಂದಲೇ ಲೆಕ್ಕಹಾಕಬಹುದು. ಇಡೀ ದೇಶದ ತ್ರಿಕೋನ ಮಾಪನಕ್ಕೆ ಬೆಳೆದ ಕೆಲಸದ ಪೀಠಿಕೆ ಇದು. ಇರಲಿ, ಸೈಟಿಗೆ ಬರೋಣ.

ಸರ್ವೆಯ ಕೋನವನ್ನು ಯಂತ್ರದ ಕೋನವಾಗಿ ಮಾರ್ಪಡಿಸುವುದು ಸುಲಭ. 90ರಿಂದ ಸರ್ವೆಯ ಕೋನವನ್ನು ಕಳೆಯಿರಿ. ಸರ್ವೆಯ 40 ಯಂತ್ರಕ್ಕೆ 50. ಸರ್ವೆಯ 130 ಯಂತ್ರಕ್ಕೆ -40. ಸರ್ವೆಯ 45 ಮಾತ್ರ ಯಂತ್ರಕ್ಕೂ 45. ಈ ಒಂದು ಕೋನ ಎಷ್ಟು ಜನರನ್ನು ದಾರಿತಪ್ಪಿಸಿದೆಯೋ! ಮೊದಲ ಸಲ 45ರ ಗೆರೆ ಹಾಕಿ, ಸರಿಬಂದಿತೆಂದು ಧೈರ್ಯಮಾಡಿ, ಮುಂದಿನವನ್ನೆಲ್ಲ ಹಾಗೆಯೇ ಹಾಕುತ್ತ ಹೋಗುತ್ತಾರೆ.

ನಾನು ಹೋದದ್ದೂ ಹಾಗೆಯೇ. ಊರ ಹೊರಗೆ ನಮ್ಮದೊಂದು ಸೈಟು. ರಸ್ತೆ ಓರೆಯಾಗಿ ಹೋಗಿದ್ದರಿಂದ ಸೈಟೂ ಓರೆ. ರಸ್ತೆಗೆ ಹತ್ತಿದ ಮುಂಬದಿ 50 ಅಡಿ, ಹಿಂಬದಿ 40 ಅಡಿ. ರಸ್ತೆಯಲ್ಲಿ ನಿಂತು ನೋಡಿದರೆ ಎಡಗಡೆಯ ಬದಿ ನೆಟ್ಟಗೆ 60 ಅಡಿ ಹಿಂದಕ್ಕೆ ಹೋಗುತ್ತದೆ. ಬಲಗಡೆಯದು ವಾರೆಯಾಗಿ ಒಳಕ್ಕೆ ಸರಿಯುತ್ತ ಹೋಗುತ್ತದೆ. ಅಳೆದುಕೊಟ್ಟ ಚೀಟಿಯಲ್ಲಿ ನಾಲ್ಕು ಸಾಲುಗಳಿದ್ದುವು. ಒಂದನೆಯ ಗೂಟದಿಂದ ಎರಡನೆಯದಕ್ಕೆ 60 ಅಡಿ, 40 ಡಿಗ್ರಿ. ಅಲ್ಲಿಂದ ಮೂರನೆಯದಕ್ಕೆ 40 ಅಡಿ, 130 ಡಿಗ್ರಿ. ಅಲ್ಲಿಂದ ನಾಲ್ಕನೆಯದಕ್ಕೆ 60.83 ಅಡಿ, 210 ಡಿಗ್ರಿ 32 ಮಿನಿಟು. ಅಲ್ಲಿಂದ ಮತ್ತೆ ಒಂದನೆಯದಕ್ಕೆ 50 ಅಡಿ, 310 ಡಿಗ್ರಿ.

ಇಂಜಿನಿಯರಿಗೆ ಕೊಡುವ ಮುಂಚೆ ನಾನೇ ಒಂದು ನಕ್ಷೆ ಮಾಡೋಣ, ಕಲಿತ ವಿದ್ಯೆ ತುಕ್ಕು ಹಿಡಿಯಬಾರದು ಎಂದು ಕುಳಿತೆ. ಚೀಟಿಯಲ್ಲಿದ್ದ ಕೋನಗಳನ್ನು ಇದ್ದ ಹಾಗೆಯೇ ಟೈಪು ಮಾಡಿದೆ. ಕೊನೆಯ ಗೆರೆಯ ಬದಲು ಸಿ ಎಂಬ ಅಕ್ಷರ ಕೊಟ್ಟರೆ ಯಂತ್ರ ತಾನೇ ಹೊರಟ ಜಾಗಕ್ಕೆ ಗೆರೆ ಎಳೆದು ಆಕೃತಿಯನ್ನು ಮುಚ್ಚುತ್ತದೆ. ಆದರೆ ಹಾಗೆ ಮುಚ್ಚಿದರೆ ನಡುವಿನ ತಪ್ಪೂ ಮುಚ್ಚಿಹೋಗುತ್ತದೆಂದು ನನಗೆ ಗೊತ್ತಿತ್ತು. ಆದುದರಿಂದ ಜಾಣನಂತೆ ನಾಲ್ಕನೆಯ ಗೆರೆಯನ್ನೂ ಅಳತೆ ಕೊಟ್ಟೇ ಎಳೆದೆ. ಅದು ಬಂದು ಮೊದಲ ಗೂಟಕ್ಕೆ ಕೂದಲೆಳೆಯಷ್ಟೂ ತಪ್ಪದೆ ಸೇರಿತು. ವಿಸ್ತೀರ್ಣ ನೋಡಿದರೆ 2700 ಚದರಡಿ, ಪತ್ರದಲ್ಲಿದ್ದಷ್ಟೇ. ಇನ್ನೇನು ಬೇಕು? ರಸ್ತೆ ಕೆಳಗೆ ಬರುವಂತೆ ಹಾಳೆಯನ್ನು ತಿರುಗಿಸಿ, ಮನೆಯವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿಂದಿನ ಬಲಮೂಲೆಯಲ್ಲಿ ಅಡಿಗೆಮನೆಯನ್ನು ಬರೆದೆ.

ಪಾಯ ಗುರುತುಹಾಕಲು ಮೇಸ್ತ್ರಿ ಬಂದ. ಮುಂದಿನ ಎರಡು ಗೂಟ ಕಲ್ಲಿಗೆ ಸರಿಯಾಗಿ ಬಂದುವು. ಹಿಂದಿನ ಬಲಮೂಲೆಗೆ ದಾರ ಹಿಡಿದು ಹೋದರೆ ತುದಿ ನಿಂತದ್ದು ಪಕ್ಕದವರ ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿ. ಬೇಲಿಯಿಂದ ಆಚೆಗೆ ಸರಿಯಾಗಿ 10 ಅಡಿ. ಪಕ್ಕದ ಮನೆಯ ಅಜ್ಜಿ ಏನೂ ಮಾತನಾಡದೆ ಹೊಸ್ತಿಲಲ್ಲಿ ಬಂದು ನಿಂತರು. ಮೇಸ್ತ್ರಿ ಕಾಗದವನ್ನು ತೆಗೆದುಕೊಂಡು ಮಗುಚಿ, ಹಿಂಬದಿಯಿಂದ ಬಿಸಿಲಿಗೆ ಹಿಡಿದು ನೋಡಿ ನಕ್ಕ. ಹಾಗೆ ನೋಡಿದರೆ ಸೈಟು ಸರಿಯಾಗಿ ಕಾಣುತ್ತಿತ್ತು.

ಆತ ಕಣ್ಣಳತೆಯಿಂದ ಕಂಡುದಕ್ಕೆ ಕಾರಣ ಹೀಗಿದೆ. ಸರ್ವೆಯ ಕೋನವನ್ನು ಹಾಗೆಯೇ ಯಂತ್ರಕ್ಕೆ ಕೊಟ್ಟರೆ ಬಡಗಣದ ಅಳತೆ ಮೂಡಣಕ್ಕೂ, ಮೂಡಣದ್ದು ಬಡಗಣಕ್ಕೂ ಅದಲುಬದಲಾಗುತ್ತವೆ. ಒಂದು ಗೆರೆಗೆ ಹೀಗಾದರೆ ಆಕೃತಿ ಮುರಿದು ತಪ್ಪು ಕಾಣಿಸುತ್ತದೆ. ಎಲ್ಲ ಗೆರೆಗೂ ಆದರೆ ಆಕೃತಿ ಮುರಿಯುವುದಿಲ್ಲ. ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿ ನಿಲ್ಲುತ್ತದೆ. ಉದ್ದಗಳು ಅವೇ, ಮೂಲೆಗಳು ಅವೇ, ವಿಸ್ತೀರ್ಣವೂ ಅದೇ, ತುದಿ ಕೂಡುವುದೂ ಉಂಟು. ನನ್ನ ತಾಳೆಗಳೆಲ್ಲ ಸರಿಯಾಗಿದ್ದುದಕ್ಕೆ ಇದೇ ಕಾರಣ. ಕನ್ನಡಿಯೊಳಗಿನ ಸೈಟಿಗೂ 2700 ಚದರಡಿಯೇ!

ಇಂಥ ತಪ್ಪನ್ನು ಹಿಡಿಯಲು ಅಳತೆಗೋಲು ಬೇಡ, ಕಾಲು ಸಾಕು. ಸೈಟಿನಲ್ಲಿ ಒಂದನೆಯ ಗೂಟದಿಂದ ಎರಡು, ಮೂರು, ನಾಲ್ಕು ಎಂದು ನಡೆಯಿರಿ. ಸೈಟಿನ ಒಳಭಾಗ ನಿಮ್ಮ ಬಲಗಡೆ ಇದ್ದರೆ ನೀವು ಪ್ರದಕ್ಷಿಣೆ ಬರುತ್ತಿದ್ದೀರಿ. ನಕ್ಷೆಯ ಮೇಲೆ ಅದೇ ಕ್ರಮದಲ್ಲಿ ಬೆರಳಾಡಿಸಿದಾಗಲೂ ಪ್ರದಕ್ಷಿಣೆಯೇ ಆಗಬೇಕು. ಬೆರಳು ಅಪ್ರದಕ್ಷಿಣವಾಗಿ ಸುತ್ತಿದರೆ ನಕ್ಷೆ ಕನ್ನಡಿಯದು.

ಕಳೆಯುವ ಲೆಕ್ಕವೇ ಬೇಡವೆನ್ನುವವರಿಗೆ ಯಂತ್ರದಲ್ಲಿಯೂ ಉಪಾಯವುಂಟು. ಯೂನಿಟ್ಸ್ ಎಂಬ ಆಜ್ಞೆಯಲ್ಲಿ ಸೊನ್ನೆಯನ್ನು ಬಡಗಣಕ್ಕೆ ಇಟ್ಟು, ಪ್ರದಕ್ಷಿಣವಾಗಿ ಎಣಿಸು ಎಂದು ಹೇಳಿಬಿಟ್ಟರೆ ಚೀಟಿಯ ಕೋನಗಳನ್ನು ಇದ್ದಂತೆಯೇ ಕೊಡಬಹುದು. ನನಗೇನೋ ಇದು ಅಷ್ಟಾಗಿ ಒಗ್ಗಲಿಲ್ಲ. ಅದೇ ನಕ್ಷೆಯನ್ನು ನಾಳೆ ತೆರೆಯುವ ಇನ್ನೊಬ್ಬರು, ಸೊನ್ನೆ ಮೂಡಲಿಗಿದೆಯೆಂದು ನಂಬಿ ಕೈಹಾಕಿದರೆ ತಪ್ಪು ಮತ್ತೊಂದು ಬಾಗಿಲಿನಿಂದ ಒಳಬರುತ್ತದೆ. ಚೀಟಿಯ ಪಕ್ಕದಲ್ಲಿಯೇ ಪೆನ್ಸಿಲಿನಿಂದ ಯಂತ್ರದ ಕೋನವನ್ನು ಬರೆದುಕೊಂಡು ಕೂರುವುದು ಮೇಲು.

ಆ ರಾತ್ರಿ ನಾನು ಹಾಗೆಯೇ ಬರೆದುಕೊಂಡೆ: @60<50, @40<-40, @60.83<239.46, @50<140. ಈ ಸಲವೂ ತುದಿ ಸೇರಿತು. ಅದನ್ನು ನಂಬದೆ ಬೆರಳಿನಿಂದ ಸುತ್ತಿಯೂ ನೋಡಿದೆ. ಬಲಗಡೆ ಹತ್ತು ಅಡಿ ಕಡಿಮೆಯಾದುದರಿಂದ ಅಡಿಗೆಮನೆ ಎಡಮೂಲೆಗೆ ಹೋಯಿತು, ಬಚ್ಚಲು ಅದರ ಪಕ್ಕಕ್ಕೆ ಬಂತು; ಮನೆಯವಳಿಗೆ ಕಿಟಕಿಯಿಂದ ರಸ್ತೆ ಕಾಣುವ ಸೌಕರ್ಯ ತಪ್ಪಿತು. ಮರುದಿನ ಬೆಳಗ್ಗೆ ಮೇಸ್ತ್ರಿ ದಾರ ಹಿಡಿದಾಗ ಮೂರನೆಯ ಗೂಟ ಹಳೆಯ ಗಡಿಕಲ್ಲಿನ ತಲೆಯ ಮೇಲೆಯೇ ಬಂದು ಕುಳಿತಿತು. ಹಿಂದಿನ ದಿನ ಹಾಕಿದ್ದ ಸುಣ್ಣದ ಗೆರೆಯನ್ನು ಅಜ್ಜಿ ಆಗಲೇ ನೀರೆರೆದು ಗುಡಿಸಿಬಿಟ್ಟಿದ್ದರು.